ಅಂಗವಿಕಲ ಪ್ರಮಾಣ ಪತ್ರ ಮಾಡಿಸುವ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಈ ಪತ್ರವನ್ನು ಎಲ್ಲ ಮಕ್ಕಳ ಕೈಯಲ್ಲೂ ಕಳಿಸುತ್ತಿದ್ದೇನೆ. ಕೆಲವರ ಮನೆಗೆ ಮಾತ್ರ ಕಳಿಸಿದ್ದರೆ ಆ ಮಕ್ಕಳನ್ನು ತರಗತಿಯಲ್ಲಿ ಬೆರಳು ಮಾಡಿ ತೋರಿಸಿದಂತಾಗುತ್ತಿತ್ತು. ನಿಮ್ಮ ಮಗುವಿಗೆ ಇದು ಬೇಡವಾದರೆ ನೆಂಟರಲ್ಲೋ ಅಕ್ಕಪಕ್ಕದಲ್ಲೋ ಬೇಕಾದವರು ಇರುತ್ತಾರೆ. ಅವರಿಗೆ ಓದಿ ಹೇಳಿ.

ನಮ್ಮ ಶಾಲೆಯಲ್ಲಿ ಸರ್ಕಾರದ ಸೌಲಭ್ಯ ಸಿಗಬೇಕಾದ ಮಕ್ಕಳಿದ್ದಾರೆ. ಆದರೆ ಹಲವರ ಹತ್ತಿರ ಅಂಗವಿಕಲ ಪ್ರಮಾಣ ಪತ್ರವೂ ಇಲ್ಲ, ಯುಡಿಐಡಿ ಕಾರ್ಡೂ (ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಚೀಟಿ) ಇಲ್ಲ. ಅದಿಲ್ಲದೆ ಪಿಂಚಣಿ, ವಿದ್ಯಾರ್ಥಿವೇತನ, ಬಸ್ ಪಾಸ್ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ದಯವಿಟ್ಟು ಈ ತಿಂಗಳೇ ಅರ್ಜಿ ಹಾಕಿ.

ಏಕೆ ಮಾಡಿಸಿಲ್ಲ ಎಂದು ಕೇಳಿದರೆ "ದೊಡ್ಡವನಾದರೆ ಸರಿಹೋಗ್ತಾನೆ ಟೀಚರ್" ಎನ್ನುತ್ತೀರಿ. ಹೆಣ್ಣು ಮಕ್ಕಳ ತಾಯಂದಿರು ಇನ್ನೊಂದು ಮಾತು ಹೇಳುತ್ತಾರೆ. ಕಾಗದದಲ್ಲಿ ಬರೆಸಿಬಿಟ್ಟರೆ ನಾಳೆ ಮದುವೆಗೆ ತೊಂದರೆ ಅಂತ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಗುವಿಗೆ ಕಿವಿ ಕೇಳಿಸದೆ ಇರುವುದು ಕಾಗದದಿಂದ ಬಂದದ್ದಲ್ಲ ಅಲ್ವಾ? ಕಾಗದ ಇದ್ದರೆ ಕಿವಿಗೆ ಯಂತ್ರ ಸಿಗುತ್ತದೆ. ಇಲ್ಲದಿದ್ದರೆ ಅವಳು ಹಿಂದಿನ ಬೆಂಚಿನಲ್ಲಿ ಕೂತು ಪಾಠ ತಪ್ಪಿಸಿಕೊಳ್ಳುತ್ತಲೇ ಹೋಗುತ್ತಾಳೆ. ಆ ವರ್ಷಗಳನ್ನು ಆಮೇಲೆ ಯಾರೂ ತಂದುಕೊಡಲಾಗುವುದಿಲ್ಲ.

ಅಂಗವಿಕಲ ಎಂದ ಕೂಡಲೇ ನಮ್ಮ ಕಡೆ ಕಾಲಿಗೆ ಪೋಲಿಯೊ ಆದವರೋ ಕಣ್ಣು ಕಾಣದವರೋ ನೆನಪಾಗುತ್ತಾರೆ. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳಿವೆ. ಆಟಿಸಂ (ಬೇರೆಯವರೊಡನೆ ಬೆರೆಯಲು, ಮಾತಾಡಲು ಕಷ್ಟವಾಗುವ ಸ್ಥಿತಿ), ಬುದ್ಧಿ ಬೆಳವಣಿಗೆ ನಿಧಾನವಾಗಿರುವುದು, ಕುಬ್ಜತೆ, ತಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು, ಆಸಿಡ್ ದಾಳಿಯ ಗಾಯ ಎಲ್ಲವೂ ಅದರಲ್ಲಿ ಸೇರಿವೆ. ಚೆನ್ನಾಗಿ ಮಾತಾಡುವ, ಲೆಕ್ಕ ಬಾಯಲ್ಲೇ ಹೇಳುವ, ಆದರೆ ಓದಲು ಬರೆಯಲು ತೀರಾ ಒದ್ದಾಡುವ ಮಗುವಿಗೂ ಕಲಿಕೆಯ ನ್ಯೂನತೆ ಇರಬಹುದು. ಅದೂ ಆ 21ರಲ್ಲಿ ಒಂದು. ಅಂಥ ಮಗುವನ್ನು ಸೋಮಾರಿ ಎಂದು ಹೊಡೆಯಬೇಡಿ. ಎಂಟು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿಸಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಸಿಗಬೇಕಾದರೆ ಪ್ರಮಾಣ ಪತ್ರ ಮೊದಲೇ ಕೈಯಲ್ಲಿರಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ.

ಪ್ರಮಾಣ ಪತ್ರಕ್ಕೂ ಕಾರ್ಡಿಗೂ ಅರ್ಜಿ ಹಾಕುವುದು ಸ್ವಾವಲಂಬನ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ. ಮೊಬೈಲಿನಲ್ಲೇ ಹಾಕಬಹುದು. ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ, ಇದುವರೆಗೆ ತೋರಿಸಿದ ಆಸ್ಪತ್ರೆ ಚೀಟಿಗಳು ಇರಲಿ. ಹಳೆಯ ಚೀಟಿಗಳನ್ನು ಎಸೆಯಬೇಡಿ. ಅರ್ಜಿಯಲ್ಲಿ ಆಸ್ಪತ್ರೆ ಆರಿಸಿಕೊಂಡ ಮೇಲೆ ಅಲ್ಲಿನ ವೈದ್ಯರು ಮಗುವನ್ನು ನೋಡಿ ನ್ಯೂನತೆ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಆ ದಿನ ತಂದೆ ತಾಯಿಯಲ್ಲಿ ಒಬ್ಬರು ಜೊತೆಗಿರಿ. ಮನೆಯಲ್ಲಿ ಮಗು ಏನೇನು ತಾನೇ ಮಾಡಿಕೊಳ್ಳುತ್ತದೆ, ಎಲ್ಲಿ ನಿಮ್ಮ ಕೈ ಬೇಕು ಎಂಬುದನ್ನು ಇದ್ದ ಹಾಗೆ ಹೇಳಿ. ಕಡಿಮೆ ಮಾಡಿಯೂ ಹೇಳಬೇಡಿ, ಜಾಸ್ತಿ ಮಾಡಿಯೂ ಹೇಳಬೇಡಿ.

ಶೇಕಡಾ 40 ಎಂಬ ಅಂಕಿ ಬಹಳ ಮುಖ್ಯ. ಹೆಚ್ಚಿನ ಸೌಲಭ್ಯಗಳು ಅಲ್ಲಿಂದ ಶುರುವಾಗುತ್ತವೆ. 40ಕ್ಕಿಂತ ಕಡಿಮೆ ಬಂದರೂ ಕಾರ್ಡ್ ಸಿಗುತ್ತದೆ, ಬೇಸರ ಮಾಡಿಕೊಂಡು ಸುಮ್ಮನಾಗಬೇಡಿ. ವೈದ್ಯರು ಬರೆದದ್ದು ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿ ಹಾಕಲು ಕಾನೂನಿನಲ್ಲೇ ಅವಕಾಶ ಇದೆ. ಚಿಕ್ಕ ಮಕ್ಕಳಿಗೆ ಕೆಲವೊಮ್ಮೆ ತಾತ್ಕಾಲಿಕ ಪ್ರಮಾಣ ಪತ್ರ ಕೊಡುತ್ತಾರೆ. ಅದರ ಮೇಲಿರುವ ಕೊನೆಯ ದಿನಾಂಕ ನೋಡಿಕೊಳ್ಳಿ.

ಇನ್ನು ಹಣದ ವಿಷಯ. ಅಂಗವಿಕಲ ವೇತನ, ಅಂದರೆ ಪಿಂಚಣಿ, ದೊಡ್ಡವರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಮಕ್ಕಳಿಗೂ ಸಿಗುತ್ತದೆ. ಶೇಕಡಾ 40ರಿಂದ 75ರೊಳಗೆ ಇದ್ದರೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಇದಕ್ಕೆ ಮನೆಯ ಆದಾಯದ ಮಿತಿ ಇದೆ. ಹಾಗಾಗಿ ಆದಾಯ ಪ್ರಮಾಣ ಪತ್ರ ಬೇಕು. ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು. 800 ರೂಪಾಯಿ ಏನೂ ಸಾಲದು, ನಿಜ. ಆದರೆ ಪ್ರತಿ ತಿಂಗಳು ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ ಸಾಲ ಮಾಡುವುದು ತಪ್ಪುತ್ತದೆ.

ಹಣ ಬರದೆ ನಿಲ್ಲುವುದು ಹೆಚ್ಚಾಗಿ ದಾಖಲೆಗಳ ಗೊಂದಲದಿಂದ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಮಗುವಿಗೆ 5 ವರ್ಷ ಆದಾಗ, ಮತ್ತೆ 15 ಆದಾಗ ಆಧಾರ್‌ಗೆ ಬೆರಳಚ್ಚು ಹೊಸದಾಗಿ ಕೊಡಬೇಕು, ಅದನ್ನೂ ಮರೆತಿರುತ್ತೇವೆ. ಇದನ್ನೆಲ್ಲ ಮೊದಲೇ ಸರಿ ಮಾಡಿಕೊಂಡರೆ ಅರ್ಧ ಓಡಾಟ ಕಡಿಮೆಯಾಗುತ್ತದೆ.

9 ಮತ್ತು 10ನೇ ತರಗತಿಯವರಿಗೆ ಕೇಂದ್ರದ ವಿದ್ಯಾರ್ಥಿವೇತನ ಇದೆ. ಶೇಕಡಾ 40 ಇರಬೇಕು, ಮನೆಯ ವಾರ್ಷಿಕ ಆದಾಯ ಎರಡೂವರೆ ಲಕ್ಷ ದಾಟಿರಬಾರದು. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಶಾಲಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಹೆಣ್ಣು ಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನ ಉಂಟು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ನಡೆಯುವ ವೈದ್ಯಕೀಯ ಶಿಬಿರಕ್ಕೆ ತಪ್ಪದೆ ಕರೆದುಕೊಂಡು ಬನ್ನಿ. ಗಾಲಿಕುರ್ಚಿ, ಕಾಲಿಗೆ ಆಸರೆಯಾಗುವ ಕ್ಯಾಲಿಪರ್, ಶ್ರವಣ ಯಂತ್ರಕ್ಕೆ ಅಲ್ಲೇ ಅಳತೆ ತೆಗೆದುಕೊಳ್ಳುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಗೇ ಬಂದು ಪಾಠ ಹೇಳುವ ಏರ್ಪಾಡೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು), ಬುದ್ಧಿಮಾಂದ್ಯ ಅಥವಾ ಒಂದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಕ್ಕಳಿಗೆ ನಿರಾಮಯ ಎಂಬ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ. ಇದರಲ್ಲಿ ಥೆರಪಿಯ ಖರ್ಚೂ ಸೇರುತ್ತದೆ, ಆದರೂ ತಿಳಿದವರು ಕಡಿಮೆ.

ಯಾರಿಗೂ ಹಣ ಕೊಡಬೇಡಿ. "ನಾನು ಶೇಕಡಾ ಜಾಸ್ತಿ ಬರೆಸಿಕೊಡ್ತೀನಿ" ಎನ್ನುವವರು ಸಿಗುತ್ತಾರೆ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ನಿಮಗೆ ದಾರಿ ತೋರಿಸಲು ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಇರುತ್ತಾರೆ. ಅವರ ಕೆಲಸವೇ ಇದು. ಸಂಕೋಚ ಬಿಟ್ಟು ಕೇಳಿ.

ಬರುವ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನು ಮತ್ತು ನಮ್ಮ ಶಿಕ್ಷಕರು ಕಚೇರಿಯಲ್ಲಿ ಇರುತ್ತೇವೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆಸ್ಪತ್ರೆ ಚೀಟಿ ತನ್ನಿ. ಅರ್ಜಿ ಅಲ್ಲೇ ತುಂಬಿಸೋಣ. ಕೂಲಿ ಬಿಟ್ಟು ಬರಲಾಗದವರು ಮಗುವಿನ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ, ಸಂಜೆ ನಾನೇ ಫೋನ್ ಮಾಡುತ್ತೇನೆ. ಬೇರೆಯವರ ಎದುರು ಮಾತಾಡಲು ಇಷ್ಟವಿಲ್ಲದಿದ್ದರೆ ಅದನ್ನೂ ಬರೆಯಿರಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ