ಮಾಚು ಪಿಚು ಚಾರಣ: ಶನಿವಾರದೊಳಗೆ ಪಾಸ್‌ಪೋರ್ಟ್ ಪ್ರತಿ ಕಳುಹಿಸಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಬೆಳಗಾವಿಯಿಂದ ಪೆರುವಿಗೆ ಹೊರಡುವ ಹನ್ನೊಂದು ಜನರೂ ದಯವಿಟ್ಟು ಇದನ್ನು ಪೂರ್ತಿ ಓದಿರಿ.

ಮಾಚು ಪಿಚು ಎಂಬ ಪುರಾತನ ನಗರಕ್ಕೆ ನಾವು ನಡೆದು ಹೋಗುವ ಇಂಕಾ ಹಾದಿಯಲ್ಲಿ ಮಾರ್ಗದರ್ಶಿಗಳು, ಹೊರೆಯಾಳುಗಳು ಸೇರಿ ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಪರವಾನಗಿ ಪಾಸ್‌ಪೋರ್ಟ್ ವಿವರದ ಮೇಲೆಯೇ ಬರುತ್ತದೆ, ಇನ್ನೊಬ್ಬರ ಹೆಸರಿಗೆ ಬದಲಾಗುವುದಿಲ್ಲ. ಆದ್ದರಿಂದ ಶನಿವಾರ ರಾತ್ರಿ ಎಂಟರೊಳಗೆ ಸ್ಪಷ್ಟ ಪ್ರತಿಯನ್ನು ನನ್ನ ಸಂಖ್ಯೆಗೆ ಕಳುಹಿಸಿ, ಗುಂಪಿನಲ್ಲಿ ಹಾಕಬೇಡಿ. ನವೀಕರಣ ಬಾಕಿ ಇದ್ದವರು ಇವತ್ತೇ ಹೇಳಿ.

ನಾಲ್ಕು ದಿನ, ಸುಮಾರು 43 ಕಿ.ಮೀ. ನಡಿಗೆ. ನನಗೆ ಚಿಂತೆ ಇರುವುದು ಎರಡನೆಯ ದಿನದ್ದೇ: ಅಂದು 4,215 ಮೀಟರ್ ಎತ್ತರದ ಕಣಿವೆ ದಾರಿಯನ್ನು ದಾಟಬೇಕು. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಅಷ್ಟು ಮೇಲೆ ಗಾಳಿ ತೆಳುವಾಗಿ ತಲೆನೋವು, ವಾಕರಿಕೆ ಬರುವುದುಂಟು. ಅದಕ್ಕಾಗಿಯೇ, ಮೈ ಎತ್ತರಕ್ಕೆ ಒಗ್ಗಲೆಂದು, ನಡಿಗೆಗೆ ಮೊದಲು 3,400 ಮೀಟರ್ ಎತ್ತರದ ಕುಸ್ಕೋ ನಗರದಲ್ಲಿ ಮೂರು ದಿನ ತಂಗುತ್ತೇವೆ. ಖರ್ಚು ಉಳಿಸಲು ಆ ದಿನಗಳನ್ನು ಕಡಿಮೆ ಮಾಡೋಣ ಎಂದು ಯಾರೂ ಕೇಳಬೇಡಿ, ನಾನು ಒಪ್ಪುವುದಿಲ್ಲ. ರಕ್ತದೊತ್ತಡ, ಉಬ್ಬಸ ಇದ್ದವರು ವೈದ್ಯರನ್ನು ಕಂಡು ನನಗೆ ತಿಳಿಸಿ.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಳ್ಳಿ. ಪೆರುವಿನಿಂದ ಮರಳಿದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಅದರ ಪ್ರಮಾಣಪತ್ರ ಬೇಕಾಗುತ್ತದೆ.

ಈ ಭಾನುವಾರ ಬೆಳಗ್ಗೆ 5.30ಕ್ಕೆ ಯಳ್ಳೂರಿನಲ್ಲಿ ಸೇರಿ, ಆರು ಕೆ.ಜಿ. ಚೀಲ ಹೊತ್ತು ರಾಜಹಂಸಗಡವನ್ನು ಎರಡು ಸಲ ಹತ್ತಿ ಇಳಿಯೋಣ. ಚಾರಣಕ್ಕೆ ಹಾಕುವ ಬೂಟುಗಳನ್ನೇ ಧರಿಸಿ ಬನ್ನಿ, ಹೊಸ ಬೂಟು ಅಲ್ಲಿ ಕಚ್ಚಿದರೆ ನಾಲ್ಕು ದಿನವೂ ನರಕ. ಶೇಂಗಾ ಉಂಡೆ ನಾನು ತರುತ್ತೇನೆ.

ಭಾನುವಾರ ಬರುವವರು, ಬರಲಾಗದವರು ಇಬ್ಬರೂ ಶುಕ್ರವಾರದೊಳಗೆ ಇಲ್ಲಿಯೇ ಉತ್ತರಿಸಿ.