ಡ್ರಮ್ಮರ್ ಇಲ್ಲಂತ ಅಳಬ್ಯಾಡ ಅಳಿಯಾ

ಶಹಾಪುರ, ಬೆಳಗಾವಿ
ಮಳಿ ಹಿಡದ ಆರನೇ ದಿವಸ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲಾರೂ ಕ್ಷೇಮ. ನಿಮ್ಮ ಅತ್ತಿಗೆ ಮಳಿಗಾಲದ ಮಣಕಾಲ ನೋವು ಶುರು ಆಗೈತಿ, ಅದೊಂದ ತಕರಾರು.

ಮೊನ್ನೆ ಫೋನಿನ್ಯಾಗ ನೀ ಹೇಳಿದ್ದು ಇನ್ನೂ ತಲ್ಯಾಗ ತಿರಗಲಿಕ್ಕತ್ತೈತಿ. ನಿಮ್ಮ ಬ್ಯಾಂಡಿನ ಡ್ರಮ್ಮರ್, ನೌಕರಿ ಸಿಕ್ಕಿತಂತ, ಪುಣೆಕ್ಕ ಹೋದ. ಗಿಟಾರು, ವಾಯಲಿನ್, ಆಳೆತ್ತರದ ವಾಯಲಿನ್ನಿನಂಥಾ ನಿನ್ನ ಡಬಲ್ ಬೇಸ್, ಇಷ್ಟ ಉಳದಾವು. ಮುಂದಿನ ತಿಂಗಳ ಕಾರ್ಯಕ್ರಮ. "ಮಾಮಾ, ಬೇಸಿನ ಮ್ಯಾಲೇ ಡ್ರಮ್ ಬಾರಸತೀನಿ" ಅಂದಿ. ಆಮ್ಯಾಲ ಯಾದಿ ಓದಿದಿ: ಬಲಗಾಲಿಗೆ ಒಂದು ಪೆಡಲು, ಎಡಗಾಲಿಗೆ ತಂಬೂರಿನ್, ಬೇಸಿನ ಹೆಗಲಿಗೆ ಡ್ರಮ್ಮಿನ ಹಾಳಿ, ಕೈಯಾಗ ಬ್ರಶ್ಶು. ಅಂಬಾರಿ ಹೊರಸಿದ ಆನಿ ಆದಿ ನೀ ಅಂತ ನಗು ಬಂತು. ಫೋನ್ ಇಟ್ಟ ಮ್ಯಾಲ ನಗು ನಿಂತು ನಿದ್ದಿ ಹೋತು. ಯಾಕಂದ್ರ ನಿನ್ನ ವಯಸ್ಸಿನ್ಯಾಗ ನಾನೂ ಇಂಥಾದ್ದ ಒಂದು ಯಾದಿ ಮಾಡಿದ್ದೆ.

ಈ ಕತಿ ನಿನಗ ಹೇಳಿಲ್ಲ. ಕ್ಯಾಂಪಿನ್ಯಾಗ ಒಂದು ಮದವಿ. ಅಕಾರ್ಡಿಯನ್, ಗಿಟಾರು, ನನ್ನ ಬೇಸ್, ಮತ್ತ ಪಣಜಿಯಿಂದ ಬರಬೇಕಾದ ಡ್ರಮ್ಮರ್. ಜೋರು ಮಳಿ. ಅವನ ಗಾಡಿ ಚೋರ್ಲಾ ಘಾಟದಾಗ ಕೆಟ್ಟು ನಿಂತಿತು, ಅವ ಬರಲೇ ಇಲ್ಲ. ನಾ ಶಾಣ್ಯಾ! ನಮ್ಮ ಕಾಕಾನ ಭಜನಿ ಗೆಜ್ಜಿ ತರಿಸಿ ಬಲಗಾಲಿಗೆ ಕಟ್ಟಿಕೊಂಡೆ. ಎಳದೆ, ಬಡದೆ, ಕುಟ್ಟಿದೆ, ತಾಳದ ಯಾವ ಮಾತ್ರೆ ಖಾಲಿ ಕಂಡ್ರೂ ಅದರಾಗ ಒಂದು ಪೆಟ್ಟು ತುರಕಿದೆ. ಮೂರನೇ ಹಾಡಿಗೆ ಕುಣಿಯೂ ಮಂದಿ ಒಬ್ಬೊಬ್ಬರ ಕುರ್ಚಿಗೆ ಹೋಗಿ ಕುಂತರು. ಲಯ ಓಡಿಹೋಗಿತ್ತು. ಹಾಡು ಶುರು ಆದಾಗ ಒಂದು ನಡಿಗಿ, ಮುಗಿಯೂದ್ರಾಗ ಇನ್ನೊಂದು. ಅಕಾರ್ಡಿಯನ್ ಬಾರಿಸೂ ಹಿರಿಯರು ಸಿಟ್ಟಾಗಲಿಲ್ಲ. ಬಗ್ಗಿ ನನ್ನ ಕಾಲಿನ ಗೆಜ್ಜಿ ತಾವ ಬಿಚ್ಚಿ ಕಿಸೆದಾಗ ಹಾಕ್ಕೊಂಡು, "ಈಗ ವಾಲ್ಟ್ಜ್, ಮೂರು ಮಾತ್ರೆಯ ಕುಣಿತ. ಒಂದಕ್ಕ ಸ್ವರ, ಎರಡಕ್ಕ ಮೂರಕ್ಕ ಬರೇ ಅಂಗೈ. ಮತ್ತೇನೂ ಬ್ಯಾಡ" ಅಂದರು. ಧಾ ನಾ ನಾ, ಧಾ ನಾ ನಾ. ಎರಡು ನಿಮಿಷದಾಗ ಕುರ್ಚಿ ಖಾಲಿ ಆದವು.

ಅವತ್ತು ನನ್ನ ಬಾಯಾಗ ಆ ಧಾ ನಾ ನಾ ಬಂದದ್ದು ಯಾಕ ಗೊತ್ತೇನು? ಸಣ್ಣಾಂವ ಇದ್ದಾಗ ತಬಲಾದ ಮುಂದ ಕುಂದರಿಸಿ ಕಲಿಸಿದ್ದರು. ನಿನಗೂ ನಾ ಕಲಿಸೀನಿ, ನೀ ಎರಡು ವರ್ಷಕ್ಕ ಬಿಟ್ಟಿ. ಬಿಟ್ಟಿದ್ದನ್ನ ಈಗ ತಗಿ. ಒಂದು ರೂಪಾಯಿ ಖರ್ಚು ಮಾಡೂಕಿಂತ ಮೊದಲ ಬೇಸಿನ ಒಂದೊಂದು ಸಪ್ಪಳಕ್ಕ ತಬಲಾದ ಒಂದೊಂದು ಬೋಲ್, ಅಂದ್ರ ಬಾಯಿಲೆ ಅನ್ನೂ ಅಕ್ಷರ, ಕೊಡು.

ಮೊದಲನೇದು, ತಂತಿಗೆ ಬೆರಳು ಕೊಕ್ಕಿ ಹಾಕಿ, ತಂತಿ ಕೆಳಗಿನ ಬೆರಳಹಲಗಿಯಿಂದ ಹೊರಗ ಎಳದು ಬಿಡೂದು. ಸ್ವರನೂ ಬರತೈತಿ, ತಂತಿ ವಾಪಸ್ ಬಂದು ಹಲಗಿಗೆ ಬಡದ "ಟಕ್" ಅನ್ನೂದೂ ಬರತೈತಿ. ಒಂದ ಕೆಲಸ, ಎರಡು ಸಪ್ಪಳ. ತಬಲಾ ಜೋಡಿಯ ಎಡಗಿ ಬಲಗಿ ಕೂಡಿ ನುಡದಂಗ. ಇದು ನಿನ್ನ ಧಾ. ಎರಡನೇದು, ಎಳದ ಕೈ ತಿರಗಿ ಬರೂವಾಗ ಬೆರಳು, ಅಂಗೈ ಕೂಡಿ ತಂತಿಗಳ ಸಮೇತ ಹಲಗಿಗೆ ಚಪ್ಪಂತ ಬೀಳೂದು. ಸ್ವರ ಇಲ್ಲ, ಬರೇ ಕಟಗಿ. ಇದು ನಾ. ಬೆರಳ ತುದಿಲೆ ಮೆತ್ತಗ ಮಿಡಿದ್ರ ಗೆ. ಎಡಗೈ ಬೆರಳು ತಂತಿ ಮ್ಯಾಲ ಇಟ್ಟು ಒತ್ತದ ಬಿಟ್ಟು ಬಲಗೈಲೆ ಮಿಡಿದ್ರ ಸತ್ತ ಸ್ವರ, ಅದು ಕ. ಇನ್ನ ತಿ ಅನ್ನೂದಕ್ಕ ಎಡಗೈ ಬೆರಳು ಕುತ್ತಿಗಿ ಮ್ಯಾಲ ಹಗೂರಕ ತಟ್ಟಿದ್ರ ಸಾಕು. ಐದು ಆದವು. ಇವು ಐದೂ ನಿನ್ನ ಎರಡು ಕೈಯಾಗ ಈಗಾಗಲೇ ಅದಾವ, ಅಂಗಡ್ಯಾಗ ಅಲ್ಲ.

ಈಗ ಎಂಟು ಮಾತ್ರೆಯ ಕೆಹೆರವಾ ತಾಳ ಅನ್ನು. ಬಾಯಿಲೆ ಅನ್ನು, ಬೇಸ್ ಮುಟ್ಟಬ್ಯಾಡ. ಧಾ ಗೆ ನಾ ತಿ, ನ ಕ ಧಿ ನಾ. ನಾಲ್ಕನೇ ಮಾತ್ರೆಯಿಂದ ಆರನೇದರ ತನಕ ಎಡಗಿ ಗುಂಯ್ ಅನ್ನೂದ ಇಲ್ಲ, ನೋಡು. ತಿ, ನ, ಕ. ಮೂರು ಮಾತ್ರೆ ನೆಲ ಇಲ್ಲದ ನಡಿಗಿ. ಏಳಕ್ಕ ಧಿ ಅಂತ ಎಡಗಿ ತಿರಗಿ ಬಂದಾಗ ಕೇಳೂವನ ಎದಿ ಹಗೂರ ಆಗತೈತಿ. ಎಡಗಿ ಬಂದಿದ್ದಕ್ಕ ಅಲ್ಲ, ನಡಕ ಇಲ್ಲದ್ದಕ್ಕ. ಆ ಮದವ್ಯಾಗ ನಾ ಹಾಳ ಮಾಡಿದ್ದು ಇದನ್ನ. ನಾಲ್ಕೂ ತಂತಿ ಝೇಂಕಾರ ಮಾಡಕೋತ ಇದ್ದವು, ನಾ ಅವುಗಳ ಮ್ಯಾಲ ಪೆಟ್ಟು ಹಾಕತಿದ್ದೆ. ಸ್ವರ ಎಲ್ಲಿ ಶುರು ಮಾಡಬೇಕು ಅನ್ನೂದು ನಿನಗ ಗೊತ್ತೈತಿ. ಎಲ್ಲಿ ಕೊಲ್ಲಬೇಕು ಅನ್ನೂದನ್ನ ಒಂದು ವಾರ ಸಾಧನಾ ಮಾಡು. ಎಡಗೈ ಬೆರಳು ಎತ್ತಬ್ಯಾಡ, ಒತ್ತು ಮಾತ್ರ ಸಡಲ ಮಾಡು. ಎತ್ತಿದ್ರ ಖುಲ್ಲಾ ತಂತಿ ನುಡದು ಮರ್ಯಾದಿ ತಗೀತೈತಿ. ಪೆಟ್ಟು ಒಂದೂ ಹಾಕದ, ಬರೇ ಸ್ವರ ನಿಲ್ಲಿಸೂದ್ರಿಂದ ಗಿಟಾರಿನ ಹುಡುಗನ ತಲಿ ಅಲ್ಲಾಡಬೇಕು. ಅಲ್ಲಿ ತನಕ "ನಾ" ಅನ್ನೂ ಪೆಟ್ಟು ಹಾಕಬ್ಯಾಡ.

ಆಮ್ಯಾಲ ಧಾ ನಾ ಧಾ ನಾ. ಒಂದು, ಮೂರಕ್ಕ ಎಳತ. ಎರಡು, ನಾಲ್ಕಕ್ಕ ಪೆಟ್ಟು. ಫೋನಿನ್ಯಾಗ ಟಿಕ್ ಟಿಕ್ ಅಂತ ಲಯ ಹೇಳೂ ಮೆಟ್ರೊನೋಮನ್ನ ಅರ್ಧಕ್ಕ ಇಳಿಸಿ, ಅದರ ಟಿಕ್ ಅನ್ನ ಎರಡು, ನಾಲ್ಕು ಅಂತ ತಿಳಕೊ. ಒಂದು, ಮೂರು ನೀನ ಹುಡಕಬೇಕು. ಮೊದಲ ದಿನ ಸಿಟ್ಟು ಬರತೈತಿ. ಮಣಿಕಟ್ಟು ಸಡಲ ಇರಲಿ, ರೊಟ್ಟಿ ತಟ್ಟೂ ನಿಮ್ಮ ಅತ್ತಿ ಕೈ ನೋಡೀಯಲ್ಲ, ಹಂಗ. ಜೋರು ಬೇಕಂತ ಮೊಳಕೈಯಿಂದ ಬಡದ್ರ ಹತ್ತು ನಿಮಿಷದಾಗ ಕೈ ಕಲ್ಲಾಗತೈತಿ, ಕಲ್ಲಾದ ಕೈ ಓಡಲಿಕ್ಕ ಶುರು ಮಾಡತೈತಿ. ಒಂದ ಮಾತ್ರೆಯೊಳಗ ಒಂದು ಎಳತ, ಎರಡು ಪೆಟ್ಟು ಕೂಡಿಸೂ ಆ ಮೂರರ ಆಟ ಐತಲ್ಲ, ನೀ ಮೊಬೈಲಿನ್ಯಾಗ ತೋರಿಸಿದ್ದು, ಅದನ್ನ ಹಾಡಿಗೊಮ್ಮೆ, ಕಡೀ ಸಾಲಿಗೆ ಇಟಗೊ. ಬುಂದಿ ಲಾಡಿನ್ಯಾಗ ಯಾಲಕ್ಕಿ ಹಂಗ.

ಇದು ನಾ ಹುಟ್ಟಿಸಿದ ವಿದ್ಯಾ ಅಲ್ಲ. ನೂರು ವರ್ಷದ ಹಿಂದ ಅಮೆರಿಕಾದ ನ್ಯೂ ಆರ್ಲಿಯನ್ಸಿನ ಬೇಸ್ ವಾದಕರು, ಬಿಲ್ ಜಾನ್ಸನ್, ಪಾಪ್ಸ್ ಫೋಸ್ಟರ್ ಅಂಥವರು, ತಂತಿ ಎಳದು ಬಡಿಯೂದನ್ನ ಚಾಲೂ ಇಟ್ಟವರು. ಮೈಕು ಇಲ್ಲದ ಕಾಲ, ಕಹಳಿಗಳ ನಡಕ ಬೇಸ್ ಕೇಳಬೇಕಲ್ಲ. 1954ರ ಜುಲೈ 5ಕ್ಕ ಮೆಂಫಿಸ್‌ನ ಸನ್ ಸ್ಟುಡಿಯೋದಾಗ ಹಾಡೂ ಎಲ್ವಿಸ್ ಪ್ರೆಸ್ಲಿ, ಗಿಟಾರಿನ ಸ್ಕಾಟಿ ಮೂರ್, ಬೇಸಿನ ಬಿಲ್ ಬ್ಲ್ಯಾಕ್ ಮೂವರ ನಿಂತು ಧ್ವನಿಮುದ್ರಣ ಮಾಡಿದರು. ಡ್ರಮ್ಮರ್ ಇರಲಿಲ್ಲ, ಬಿಲ್ ಬ್ಲ್ಯಾಕನ ಬೇಸಿನ ಟಕ್ ಟಕ್ ಆ ಕೆಲಸ ಮಾಡಿತು. ಅಲ್ಲಿನ ಹಾಡುಗಾರ ಜಾನಿ ಕ್ಯಾಶ್ ಅಂತೂ ಗಿಟಾರಿನ ತಂತಿಯೊಳಗ ಕಾಗದ ಸಿಗಿಸಿ ಸ್ನೇರ್ ಡ್ರಮ್ಮಿನ ಸಪ್ಪಳ ತಗದ. ಬ್ಲೂಗ್ರಾಸ್ ಅನ್ನೂ ಅಮೆರಿಕಾದ ಹಳ್ಳಿ ಸಂಗೀತದ ಮಂದಿ ಡ್ರಮ್ಮರನ್ನ ಇಟಗೊಳ್ಳೂದ ಕಡಿಮಿ: ಬೇಸ್ ಒಂದು, ಮೂರಕ್ಕ, ಎರಡು, ನಾಲ್ಕಕ್ಕ ಮ್ಯಾಂಡೊಲಿನ್ ಕಚಕ್ ಅಂತ ಕೊಯ್ಯತೈತಿ. ಇದನ್ನ ನಿನ್ನ ವಾಯಲಿನ್ ಹುಡುಗಿಗೆ ಹೇಳು. ಆಕಿ ಬಿಲ್ಲಿನ ಬುಡ ತಂತಿ ಮ್ಯಾಲ ಕುಕ್ಕಿ ಚಾಪ್ ಕೊಟ್ಟರ ನಿನ್ನ ಅರ್ಧ ಭಾರ ಇಳೀತೈತಿ. ಎಲ್ಲಾನೂ ನೀನ ಹೊರಬೇಕು ಅನ್ನೂ ಹಟ ನಿನಗ ನಮ್ಮ ಮನೆತನದಿಂದ ಬಂದೈತಿ, ಅದಕ್ಕ ಔಷಧ ಇಲ್ಲ.

ಇನ್ನ ನಿನ್ನ ಸಾಮಾನಿನ ಯಾದಿ.

ಕಾಲಿಂದು: ನಿಂತು ಬಾರಿಸೂವಾಗ ಬೇಸ್ ನಿನ್ನ ಸೊಂಟಕ್ಕ, ಎಡಮಣಕಾಲಿಗೆ ಒರಗಿರತೈತಿ. ಬಲಗಾಲು ಎತ್ತಿ ಇಟ್ಟಂಗೆಲ್ಲ ಮೈ ಅಲ್ಲಾಡತೈತಿ, ಬೇಸ್ ಅಲ್ಲಾಡತೈತಿ, ಸ್ವರ ಜಾರತೈತಿ. ಕಾಲು ಬೇಕೇ ಬೇಕು ಅಂದ್ರ ಎತ್ತರದ ಸ್ಟೂಲ್ ಮ್ಯಾಲ ಕುಂದರು, ಹಿಮ್ಮಡಿ ನೆಲಕ್ಕ ಊರಿ ಮುಂಗಾಲು ಅಷ್ಟ ಆಡಿಸು. ಕಟಗಿ ಪೆಟಗಿಯೊಳಗ ಪೀಜೊ (ಅದುರು ಹಿಡಿಯೂ ಬಿಲ್ಲಿ) ಹಚ್ಚಿದ, ಕಾಲಿಲೆ ಕುಟ್ಟೂ ಸ್ಟಾಂಪ್ ಬಾಕ್ಸ್ ಮನ್ಯಾಗ ಮಾಡಬಹುದು, ಬಡಿಗೇರ ಓಣ್ಯಾಗ ಸಾಗವಾನಿ ತುಂಡು ಸಿಗತಾವ. ಗೆಜ್ಜಿ ಕಟ್ಟೂದಾದ್ರ ಒಂದ ಸರ. ಎರಡೂ ಕಾಲಿಗೆ ಎರಡು ಬ್ಯಾರೆ ಬ್ಯಾರೆ ಕೆಲಸ, ಈ ವರ್ಷ ಬ್ಯಾಡ.

ಬ್ರಶ್ಶು, ಡ್ರಮ್ಮಿನ ಹಾಳಿ: ಇದು ಛಲೋ ವಿಚಾರ. ಖರೇನ ಛಲೋ. ಒರಟು ಮೈ ಇರೂ ಡ್ರಮ್ಮಿನ ಹಾಳಿಯನ್ನ ಬೇಸಿನ ಮ್ಯಾಗಿನ ಹೆಗಲಿಗೆ ಕಟ್ಟಿ, ಬ್ರಶ್ಶನ್ನ ಕಡೀ ಎರಡು ಬೆರಳಾಗ ಹಿಡದು, ಉಳದ ಬೆರಳಿಲೆ ತಂತಿ ಮಿಡದು, ನಡಕ ಬ್ರಶ್ ತಗಲಿಸಿದ್ರ ನಿಧಾನ ಹಾಡಿಗೆ ಬಾಳ ಚಂದ ಕೇಳತೈತಿ. ಆದ್ರ ಅಂಟು ಹಚ್ಚಬ್ಯಾಡ, ವಾರ್ನಿಶ್ ಕಿತ್ತು ಬರತೈತಿ. ಅರಿವಿ ಪಟ್ಟಿಲೆ ಕಟ್ಟು. ಬೇಸಿನ ಎದಿಗೆ, ಎಫ್ ಅಕ್ಷರದಂಥಾ ಎರಡು ತೂತಿನ ನಡಕ, ಕೈಲೆ ಕುಟ್ಟಬ್ಯಾಡ. ಅದು ತೆಳು ಸ್ಪ್ರೂಸ್ ಹಲಗಿ. ಅದರ ಕೆಳಗ ನಿಂತ ಕಟಗಿ ಗೂಟ, ಸೌಂಡ್ ಪೋಸ್ಟನ್ನ, ಯಾರೂ ಅಂಟಿಸಿರೂದಿಲ್ಲ, ತಂತಿಗಳ ಬಿಗಿಗೆ ಸಿಕ್ಕು ನಿಂತಿರತೈತಿ. ಕುಟ್ಟಬೇಕು ಅನ್ನಿಸಿದ್ರ ಬದಿಗೆ, ಹೆಗಲ ಹತ್ರ, ಬೆರಳಿನ ಮೆತ್ತನ ಭಾಗದಿಂದ. ಉಂಗುರ ತಗದಿಡು. ನಿಮ್ಮವ್ವ ಕೊಟ್ಟ ಉಂಗುರ ಅಂತ ಗೊತ್ತು, ಆದ್ರೂ ತಗದಿಡು.

ತಂತಿ: ಸ್ಟೀಲಿನ ಬಿಗಿ ತಂತಿ ಮ್ಯಾಲ ಈ ಎಳತದ ಆಟ ಆಡಿದ್ರ ಬೆರಳಿಗೆ ಬೊಬ್ಬಿ ಏಳತಾವ. ಕರುಳಿನ ತಂತಿ ಮೆತ್ತಗ, ಸಡಲ, ಟಕ್ ಸಪ್ಪಳಾನೂ ದುಂಡಗ. ಆದ್ರ ನಮ್ಮ ಬೆಳಗಾವಿ ಮಳಿಗಾಲದಾಗ ಅದರ ಶ್ರುತಿ ಮತ್ತ ಮತ್ತ ತಪ್ಪತೈತಿ, ಬೆಲಿನೂ ಬೆಂಕಿ. ನೈಲಾನಿನ ಜಾತಿಯವು ಹಾಕು. ಬೆರಳಿಗೆ ಔಷಧ ಅಂಗಡಿ ಬಿಳಿ ಪಟ್ಟಿ ಸುತ್ತಗೊ. ಬೊಬ್ಬಿ ಒಡದ ಮ್ಯಾಲ ಅಲ್ಲ, ಮೊದಲ.

ಮೈಕು: ತಂತಿ ಹೊತ್ತ ಬ್ರಿಜ್ಜಿಗೆ ಸಪ್ಪಳ ಹಿಡಿಯೂ ಒಂದು ಪಿಕಪ್, ಬೆರಳಹಲಗಿಯ ತುದಿಗೆ ಇನ್ನೊಂದು. ಸ್ವರಕ್ಕ ಒಂದು ಚಾನೆಲ್, ಟಕ್ ಸಪ್ಪಳಕ್ಕ ಒಂದು, ಎರಡಕ್ಕೂ ಬ್ಯಾರೆ ಬ್ಯಾರೆ ಗುಂಡಿ. ನಿನ್ನ ಅತೀ ಕೆಳಗಿನ ಇ ತಂತಿ 41 ಹರ್ಟ್ಜ್. ಅದರ ಕೆಳಗ ಇರೂದು ಬರೇ ಗುಡುಗು, ಕತ್ತರಿಸಲಿಕ್ಕ ಸೌಂಡಿನವಗ ಹೇಳು, ಫೀಡ್‌ಬ್ಯಾಕ್, ಅಂದ್ರ ಸ್ಪೀಕರ್ ಕೂಗೂದು, ಕಡಿಮಿ ಆಗತೈತಿ. ಇನ್ನ ಬೇಸ್ ಹಿಡದವನ ಕಿವಿಗೆ ಟಕ್ ಅನ್ನೂದು ಬಾಳ ಹತ್ರ, ಮುಂದ ಕುಂತವಗ ಬ್ಯಾರೆ ಲೆಕ್ಕ. ಅದಕ್ಕ ಹತ್ತು ಫೂಟ್ ದೂರ ಫೋನ್ ಇಟ್ಟು ಮುದ್ರಿಸಿ ಕೇಳು. ಹಾಲ್ ಗುಂಯ್ ಅನ್ನೂದಿದ್ರ ಪೆಟ್ಟು ಅರ್ಧ ಕಡಿಮಿ ಮಾಡು. ಸಾಲಿ ಸಹಲಿಗೆ ವಿಜಯಪುರಕ್ಕ ಹೋದಾಗ ಗೋಳಗುಮ್ಮಟದಾಗ ನೀ ಒಂದು ಚಪ್ಪಾಳಿ ಹೊಡದು, ಅದು ತಿರಗಿ ತಿರಗಿ ಬಂದಿದ್ದಕ್ಕ ಅಂಜಿ ನನ್ನ ಧೋತರ ಹಿಡಕೊಂಡಿದ್ದಿ. ಅದನ್ನ ನೆನಪಿಟಗೊ. ಅಂಥಾ ಜಾಗಾದಾಗ ನಿನ್ನ ಎರಡನೇ ಪೆಟ್ಟು ಬೀಳೂದ್ರಾಗ ಮೊದಲನೇದು ಇನ್ನೂ ಮನಿಗೆ ಹೋಗಿರೂದಿಲ್ಲ.

ಕಡೀಕ ಒಂದು. ಭಾರತ ಹುಣ್ಣಿವಿಗೆ ಊರಿಗೆ ಬಾ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗೂಣು. ಚೌಡಿಕಿ ನೀ ಸಣ್ಣಾಂವ ಇದ್ದಾಗ ಕೇಳೀದಿ, ನೋಡಿಲ್ಲ. ಕಟಗೀ ಡಬ್ಬಿ, ಅದರ ತಳಕ್ಕ ಚರ್ಮ, ಚರ್ಮದಾಗಿಂದ ಹಾಯ್ದು ಬಂದ ಒಂದ ತಂತಿ. ಜೋಗವ್ವ ಡಬ್ಬಿನ ಬಗಲಾಗ ಅವಚಿಕೊಂಡು, ಒಂದು ಕೈಲೆ ತಂತಿ ಜಗ್ಗಿ ಹಿಡದು, ಇನ್ನೊಂದು ಕೈಲೆ ಮಿಡೀತಾಳ. ಜಗ್ಗಿದ್ರ ಸ್ವರ ಏರತೈತಿ, ಸಡಲ ಬಿಟ್ರ ಇಳೀತೈತಿ. ತಂತಿ ನುಡದದ್ದೂ ಚರ್ಮ ಬಡದದ್ದೂ ಬ್ಯಾರೆ ಅಲ್ಲವೇ ಅಲ್ಲ. ಮ್ಯಾಲ ಹಾಡೂದೂ ಆಕಿನ. ಉಧೋ ಉಧೋ ಅನ್ನೂ ಗದ್ದಲದಾಗ ಸಾವಿರ ಮಂದಿ ನಡಕ ಆ ಒಂದು ಡಬ್ಬಿ ಕೇಳತೈತಿ, ಡ್ರಮ್ಮರ್ ಎಲ್ಲಿ ಅಂತ ಯಾರೂ ಕೇಳೂದಿಲ್ಲ. ಆಕಿ ಮಿಡಿಯೂ ಬೆರಳು ನೋಡಬ್ಯಾಡ, ಎಲ್ಲಾರೂ ಅದನ್ನ ನೋಡತಾರ. ತಂತಿ ಹಿಡದ ಕೈ ನೋಡು, ಯಾವಾಗ ಸಡಲ ಬಿಡತಾಳ ಅಂತ.

ಬ್ರಶ್ಶು ಕೊಳ್ಳಬ್ಯಾಡ. ನನ್ನ ಹಳೇ ಜೋಡಿ ಟ್ರಂಕಿನ್ಯಾಗ ಐತಿ, ಒಂದರ ನಾಲ್ಕು ಕಡ್ಡಿ ಮುರದಾವ, ನಡೀತೈತಿ. ಕುಂದಾದ ಡಬ್ಬಿ ಜೋಡಿ ನಾಳೆ ಬಸ್ಸಿಗೆ ಕೊಟ್ಟು ಕಳಸತೀನಿ. ಕುಂದಾ ವಾಯಲಿನ್ ಹುಡುಗಿಗೂ ಕೊಡು.

ಇಂತಿ ನಿನ್ನ
ಸೋದರಮಾವ