ಬರ್ನ್‌ಸ್ಟೈನ್ ಪುಸ್ತಕ ಅಚ್ಚಿಗೆ ಹೋಯಿತು, ಎಲ್ಲರಿಗೂ ಥ್ಯಾಂಕ್ಸ್

ಜರ್ಮನಿಯ ಸಮಾಜವಾದಿ ಚಿಂತಕ ಎಡ್ವರ್ಡ್ ಬರ್ನ್‌ಸ್ಟೈನ್ ಬಗ್ಗೆ ಬರೆಯುತ್ತಿದ್ದ ಪುಸ್ತಕ ಕೊನೆಗೂ ಅಚ್ಚಿಗೆ ಹೋಗಿದೆ. ನಾನೊಬ್ಬಳೇ ಆಗಿದ್ದರೆ ಇದು ಆಗುತ್ತಿರಲಿಲ್ಲ.

ಬರ್ನ್‌ಸ್ಟೈನ್ ಹುಟ್ಟಿದ್ದು 1850ರಲ್ಲಿ, ಬರ್ಲಿನ್‌ನಲ್ಲಿ, ರೈಲು ಎಂಜಿನ್ ಚಾಲಕರೊಬ್ಬರ ಮಗನಾಗಿ. ಸಮಾಜವಾದಿಗಳನ್ನು ಹತ್ತಿಕ್ಕುವ ಕಾನೂನು ಜರ್ಮನಿಯಲ್ಲಿ ಇದ್ದಾಗ ಸ್ವಿಟ್ಜರ್ಲೆಂಡ್‌ನ ಜ್ಯೂರಿಚ್‌ನಲ್ಲಿದ್ದುಕೊಂಡು ತಮ್ಮ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಪತ್ರಿಕೆ ನಡೆಸಿದರು. 1888ರಲ್ಲಿ ಅಲ್ಲಿಂದಲೂ ಹೊರಹಾಕಿದರು, ಲಂಡನ್ ಸೇರಿದರು. 1895ರಲ್ಲಿ ಕಾರ್ಲ್ ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ತೀರಿಕೊಂಡಾಗ ಚಿತಾಭಸ್ಮವನ್ನು ಈಸ್ಟ್‌ಬೋರ್ನ್ ಬಳಿ ಸಮುದ್ರಕ್ಕೆ ಬಿಟ್ಟವರಲ್ಲಿ ಇವರೂ ಒಬ್ಬರು. ಅಷ್ಟು ಹತ್ತಿರದವರು, ಮರುವರ್ಷವೇ ಪಕ್ಷದ ನಂಬಿಕೆಗಳನ್ನು ಪ್ರಶ್ನಿಸಿ ಲೇಖನ ಬರೆಯತೊಡಗಿದರು. ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದವಳು ಅರ್ಥಶಾಸ್ತ್ರ ಕಲಿಸುವ ಗೆಳತಿ. ಬರ್ನ್‌ಸ್ಟೈನ್ ನೋಡಿದ್ದು ತೆರಿಗೆಯ ಅಂಕಿಅಂಶಗಳನ್ನು. ಮಾರ್ಕ್ಸ್‌ವಾದಿಗಳು ಎಣಿಸಿದ್ದ ಹಾಗೆ ಆಸ್ತಿವಂತರ ಸಂಖ್ಯೆ ಕಡಿಮೆಯಾಗುತ್ತಿರಲಿಲ್ಲ, ಜಾಸ್ತಿಯಾಗುತ್ತಿತ್ತು. ಸಣ್ಣ ರೈತರು, ಸಣ್ಣ ಉದ್ದಿಮೆಗಳು ಅಳಿದುಹೋಗಿರಲಿಲ್ಲ. ಬಂಡವಾಳಶಾಹಿ ತಾನಾಗಿಯೇ ಕುಸಿಯುತ್ತದೆ ಎಂದು ಸುಮ್ನೆ ಕಾಯುವ ಹಾಗಿರಲಿಲ್ಲ. ಮತದಾನ, ಸಂಘ, ಸಹಕಾರ, ಇವುಗಳಿಂದ ಇವತ್ತೇ ಗೆಲ್ಲಬಹುದಾದದ್ದನ್ನು ಗೆಲ್ಲಬೇಕು ಎಂದರು ಅವರು. ಒಂದೊಂದು ಸಾಲನ್ನೂ ಪೆನ್ಸಿಲ್ ಹಿಡಿದು ಬಿಡಿಸಿ ಹೇಳಿದೆಯಲ್ಲ ಗೆಳತಿ, ನಿನ್ನ ಋಣ ದೊಡ್ಡದು.

ಎಲ್ಲರಿಗಿಂತ ಹೆಚ್ಚಾಗಿ ನೆನೆಯಬೇಕಾದವರು ನಮ್ಮ ಹಿರಿಯ ಕಾಮ್ರೇಡ್. ಜೀವನವಿಡೀ ಕಾರ್ಮಿಕ ಸಂಘದಲ್ಲಿ ದುಡಿದವರು. ಕ್ರಾಂತಿಯಲ್ಲಿ ಅವರಿಗೆ ಇವತ್ತಿಗೂ ನಂಬಿಕೆ ಇದೆ, ನನ್ನ ವಾದ ಅವರಿಗೆ ಒಪ್ಪಿಗೆಯಿಲ್ಲ. ಆದರೂ ಒಂದು ಅಧ್ಯಾಯವನ್ನೂ ಬಿಡದೆ ಓದಿದರು. ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: "ರೋಸಾ ಏನಂದಳು?" ಅವರು ಕೇಳಿದ್ದರಿಂದಲೇ, ಬರ್ನ್‌ಸ್ಟೈನ್ ವಾದವನ್ನು ಅದೇ ಪಕ್ಷದೊಳಗಿಂದ ಖಂಡಿಸಿದ ಕ್ರಾಂತಿಕಾರಿ ರೋಸಾ ಲಕ್ಸೆಂಬರ್ಗ್‌ಗೆ ಇಡೀ ಒಂದು ಅಧ್ಯಾಯ ಸಿಕ್ಕಿತು. ಬರ್ನ್‌ಸ್ಟೈನ್ ಅಂದ ಹಾಗೆ ಸಾಲ ವ್ಯವಸ್ಥೆ ಬಂಡವಾಳಶಾಹಿಯ ಬಿಕ್ಕಟ್ಟನ್ನು ತಗ್ಗಿಸುವುದಿಲ್ಲ, ಇನ್ನಷ್ಟು ಬೆಳೆಸುತ್ತದೆ ಎಂಬ ಅವಳ ಮಾತಿಗೆ ಉತ್ತರ ಕೊಡುವುದು ಇವತ್ತಿಗೂ ಸುಲಭವಲ್ಲ.

ಬರ್ನ್‌ಸ್ಟೈನ್ ದಣಿದು ದಾರಿ ಬದಲಿಸಿದವರಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. 1917ರಲ್ಲಿ ಯುದ್ಧದ ವಿಷಯಕ್ಕೆ ಪಕ್ಷ ಒಡೆದಾಗ ಅವರು ನಿಂತದ್ದು ಯುದ್ಧ ಬೇಡ ಎಂದವರ ಜೊತೆ, ತಮ್ಮ ಹಳೆಯ ಎದುರಾಳಿಗಳ ಪಕ್ಕದಲ್ಲೇ.

ಕರಡು ತಿದ್ದಿದವರಿಗೆ, ಪುಟ ವಿನ್ಯಾಸ ಮಾಡಿದವರಿಗೆ, ನನ್ನ ಗೊಣಗಾಟ ಸಹಿಸಿಕೊಂಡ ಮನೆಯವರಿಗೆ ಪ್ರೀತಿ. ಬಿಡುಗಡೆಯ ದಿನ ಮೊದಲ ಮಾತು ಕಾಮ್ರೇಡರದ್ದೇ ಆಗಬೇಕು, ನನ್ನ ವಾದವನ್ನು ವಿರೋಧಿಸಿಯೇ ಮಾತಾಡಬೇಕು ಎಂದು ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ.